ಎರಡು ಛತ್ರಿಯ ಬ್ಯಾಗು

ವಿಮಾನ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಹದ್ದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಎಕ್ಸ್‌ರೇ ಪರದೆಯ ಮುಂದೆ ಕೂತು, ಊರವರ ಬ್ಯಾಗಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ ನೋಡಿ ಬಂದ ಹೆಸರು ಅದು. ಪುಸ್ತಕದ ಬೆನ್ನಿಗೆ ಅಂಟಿಕೊಂಡ ಚಾಕು, ಬ್ರಷ್ಷುಗಳ ನಡುವೆ ತೂರಿಕೊಂಡ ಬ್ಲೇಡು, ಯಾವುದೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಮನೆಯಲ್ಲೂ ಅಷ್ಟೆ. ಅತ್ತೆ ದಿಂಬಿನ ಕೆಳಗೆ ಬಚ್ಚಿಟ್ಟ ಮಿಠಾಯಿ, ಗಂಡನ ಕೋಟಿನ ಒಳಜೇಬಿನ ಸಿಗರೇಟು, ಮಗಳು ಸ್ಕೂಲಿನ ದಿನಗಳಲ್ಲಿ ಹಾಸಿಗೆಯಡಿ ಸೇರಿಸಿದ ಅಂಕಪಟ್ಟಿ, ಎಲ್ಲವೂ ಅವಳಿಗೆ ಸಿಕ್ಕಿಬೀಳುತ್ತಿದ್ದವು. ಅವಳು ಹುಡುಕಲು ಹೋಗುತ್ತಲೇ ಇರಲಿಲ್ಲ.

ಅಂಥ ಹದ್ದಕ್ಕ ಕಂಪ್ಯೂಟರ್ ತರಬೇತಿಯಲ್ಲಿ ಐವತ್ತೆಂಟು ಅಂಕ ತೆಗೆದುಕೊಂಡು ಮನೆಗೆ ಬಂದಳು.

"ನೂರಕ್ಕಾ?" ಎಂದ ಗಂಡ, ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ. ಅವನು ಸ್ಕೂಲ್ ವ್ಯಾನಿನ ಡ್ರೈವರ್. ಮಕ್ಕಳನ್ನೆಲ್ಲ ಇಳಿಸಿ ಎಲ್ಲರಿಗಿಂತ ಮೊದಲು ಮನೆ ಸೇರುವವನಾದ್ದರಿಂದ ಸಂಜೆಯ ಅಡುಗೆ ಅವನ ತಲೆಗೇ ಬಂದಿತ್ತು.

"ಇಲ್ಲ, ಐವತ್ತೆಂಟಕ್ಕೇ ಐವತ್ತೆಂಟು," ಎಂದಳು ಅವಳು ಶೂ ಬಿಚ್ಚುತ್ತ.

"ಕೋಪ ಯಾಕೆ? ಮಗಳು ತೊಂಬತ್ತೊಂದು ತಗೊಂಡಿದ್ಲಲ್ಲ, ಅದಕ್ಕೆ ಕೇಳಿದೆ."

"ಗೊತ್ತು. ಈ ಬೀದಿಯ ನಾಯಿಗೂ ಗೊತ್ತು. ನೀವು ಹೇಳದೆ ಯಾರನ್ನ ಬಿಟ್ಟಿದೀರಿ?"

ಮಗಳು ಎಂಟು ತಿಂಗಳ ಹಿಂದೆ ಅದೇ ಕೆಲಸಕ್ಕೆ ಸೇರಿದ್ದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವಳು ತಾಯಿಗೆ ತಟ್ಟೆ ಇಟ್ಟು ತನ್ನ ಊಟಕ್ಕೆ ಕೂತಳು. ಅತ್ತೆ ಮಾತ್ರ ಸೊಸೆಯ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿ, "ಯಂತ್ರಕ್ಕೇನು ಗೊತ್ತಾಗುತ್ತೆ, ತಿನ್ನು," ಎಂದಳು.

ಹೊಸ ನಿಯಮ ಬಂದು ಎರಡು ವಾರವಾಗಿತ್ತು. ಪರದೆಯ ಮುಂದೆ ಕೂರುವವರೆಲ್ಲ ವಾರಕ್ಕೆ ಎರಡು ಸಲ ತರಬೇತಿ ಕೋಣೆಗೆ ಹೋಗಬೇಕು. ಅಲ್ಲಿ ಕಂಪ್ಯೂಟರ್ ಒಂದರ ಹಿಂದೊಂದು ಬ್ಯಾಗಿನ ಚಿತ್ರ ತೋರಿಸುತ್ತದೆ. ಲೋಹವೆಲ್ಲ ನೀಲಿ, ಬಟ್ಟೆ, ತಿಂಡಿ, ಸಾಬೂನೆಲ್ಲ ಕಿತ್ತಳೆ, ಎರಡಕ್ಕೂ ನಡುವಿನದು ಹಸಿರು. ಒಂದು ಬ್ಯಾಗಿಗೆ ಹತ್ತು ಸೆಕೆಂಡು. ಅಪಾಯದ ವಸ್ತು ಕಂಡರೆ ಕೆಂಪು ಗುಂಡಿ, ಕಾಣದಿದ್ದರೆ ಹಸಿರು. ಎಂಟನೇ ವಾರ ಪರೀಕ್ಷೆ. ಎಂಬತ್ತು ಬಂದರೆ ಪರದೆ ಉಳಿಯುತ್ತದೆ. ಬರದಿದ್ದರೆ ಒಂದು ವರ್ಷ ಟ್ರೇ.

ಟ್ರೇ ಎಂದರೆ ಬೆಲ್ಟಿನ ಬಾಯಲ್ಲಿ ಎಂಟು ಗಂಟೆ ನಿಂತು, ಪ್ಲಾಸ್ಟಿಕ್ ಟ್ರೇಗಳನ್ನು ಎತ್ತಿ ಇಟ್ಟು, ಜೇಬು ಖಾಲಿ ಮಾಡಿ, ಬೆಲ್ಟ್ ಬಿಚ್ಚಿ, ನೀರಿನ ಬಾಟಲಿ ಚೆಲ್ಲಿ ಎಂದು ಗಂಟಲು ಹರಿದುಕೊಳ್ಳುವುದು. ಹದ್ದಕ್ಕನಿಗೆ ಐವತ್ತೆರಡು. ಎಡ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು. ಪರದೆಯ ಕುರ್ಚಿಗೆಂದೇ ಅತ್ತೆ ಹಳೆಯ ಉಣ್ಣೆ ಕೋಟು ಕತ್ತರಿಸಿ ಒಂದು ಮೆತ್ತೆ ಹೊಲಿದು ಕೊಟ್ಟಿದ್ದಳು. ಪಾಳಿ ಮುಗಿದ ಮೇಲೆ ಹದ್ದಕ್ಕ ಅದನ್ನು ಲಾಕರಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಈ ಕುರ್ಚಿ ಅವಳಿಗೆ ಬೇಕಿತ್ತು. ಮಂಡಿಗಾಗಿ ಬೇಕಿತ್ತು ಎಂದು ಹೇಳಿಕೊಳ್ಳುತ್ತಿದ್ದಳು. ಹೆಸರಿಗಾಗಿಯೂ ಬೇಕಿತ್ತು ಎನ್ನುವುದನ್ನು ಹೇಳಿಕೊಳ್ಳುತ್ತಿರಲಿಲ್ಲ.

ಬೆಲ್ಟಿನ ಮೇಲೆ ಗೆಲ್ಲುವವಳು ಕಂಪ್ಯೂಟರಿನಲ್ಲಿ ಯಾಕೆ ಸೋಲುತ್ತಿದ್ದಳು? ತರಬೇತಿಯ ಮೇಷ್ಟ್ರು ಅದನ್ನು ಲೆಕ್ಕ ಹಾಕಿಯೇ ತೋರಿಸಿದರು. ಮೇಷ್ಟ್ರೆಂದರೆ ಮೂವತ್ತರ ಒಬ್ಬ ಸಾಧು ಮನುಷ್ಯ, ಸದಾ ಆರಿದ ಚಹಾದ ಲೋಟ ಹಿಡಿದವನು. "ನೀವು ಅಪಾಯ ಬಿಡೋದೇ ಇಲ್ಲ ಅಕ್ಕ. ಆದ್ರೆ ಏನೂ ಇಲ್ಲದ ಬ್ಯಾಗಿಗೂ ಕೆಂಪು ಒತ್ತುತೀರಿ. ಅದಕ್ಕೆ ಅಂಕ ಹೋಗುತ್ತೆ."

"ಅನುಮಾನ ಬಂದ್ರೆ ತೆರೆಸಿ ನೋಡೋದಲ್ವಾ ಸರ್? ಹಾಗೇ ತಾನೆ ನಮಗೆ ಕಲಿಸಿದ್ದು?"

"ಇಲ್ಲಿ ತೆರೆಯೋಕೆ ಯಾರೂ ಇಲ್ವಲ್ಲ."

ಅದೇ ತಾನೆ ಅವಳ ಕಷ್ಟ. ಬೆಲ್ಟಿನ ಮೇಲೆ ಬ್ಯಾಗು ಬಂದರೆ ಅದರ ಹಿಂದೆ ಒಬ್ಬ ಮನುಷ್ಯನೂ ಬರುತ್ತಾನೆ. ಮಗುವಿನ ಬಾಟಲಿ ಇದ್ದರೆ ಪಕ್ಕದಲ್ಲಿ ಅಳುವ ಮಗುವಿರುತ್ತದೆ. ಕಂಪ್ಯೂಟರಿನ ಬ್ಯಾಗಿಗೆ ದಿಕ್ಕು ದೆಸೆ ಇಲ್ಲ. ಒಂದೇ ಬ್ಯಾಗಿನಲ್ಲಿ ಗಂಡಸಿನ ರೇಜರು, ಹೆಂಗಸಿನ ಹೈಹೀಲ್ಸು, ಮೂರು ಅಲಾರಂ ಗಡಿಯಾರ. ಇಂಥ ಬ್ಯಾಗು ಯಾವ ಮನೆಯಿಂದ ಹೊರಟೀತು? ಅವಳಿಗೆ ಎಲ್ಲವೂ ಅನುಮಾನಕ್ಕೆ ಯೋಗ್ಯವಾಗಿಯೇ ಕಾಣುತ್ತಿತ್ತು.

ಮೂರನೇ ವಾರ ಅರವತ್ತೊಂದು ಬಂತು. ಆ ಸಂಜೆ ಪಾತ್ರೆ ತೊಳೆಯುವಾಗ ಮಗಳು ಪಕ್ಕಕ್ಕೆ ಬಂದು ನಿಂತು, ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಕೇಳದೆಯೇ ಪಾತ್ರೆ ಒರೆಸಲು ಬಂದಳೆಂದರೆ ಏನೋ ಇದೆ ಎಂದೇ ಅರ್ಥ.

"ಅಮ್ಮ, ಒಂದು ಹೇಳ್ತೀನಿ, ಬೈಬಾರದು."

"ಹೇಳು. ಬೈಯೋದು ಆಮೇಲೆ ನೋಡೋಣ."

"ಅದರಲ್ಲಿರೋದು ನಾನೂರು ಬ್ಯಾಗು ಅಷ್ಟೆ. ತಿರುಗಿ ತಿರುಗಿ ಅವೇ ಬರ್ತವೆ. ನಮ್ಮ ಬ್ಯಾಚಿನವರು ಹದಿನಾಲ್ಕು ಜನ ಸೇರ್ಕೊಂಡು ನೆನಪಿಟ್ಟು ನೆನಪಿಟ್ಟು ಬರ್ಕೊಂಡ್ವಿ." ಅವಳು ಬ್ಯಾಗಿನಿಂದ ನೀಲಿ ರಟ್ಟಿನ ಒಂದು ನೋಟ್‌ಬುಕ್ ತೆಗೆದಳು. "ಅಪಾಯ ಹುಡುಕಬೇಡ. ಬ್ಯಾಗಿನ ಗುರುತು ಹಿಡಿ. ಕರಡಿ ಬೊಂಬೆ ಇದ್ರೆ ಕೆಂಪು. ಅಲಾರಂ ಗಡಿಯಾರ ಮೂರಿದ್ರೆ ಹಸಿರು."

ಹದ್ದಕ್ಕ ಕೈ ಒರೆಸಿಕೊಂಡು ನೋಟ್‌ಬುಕ್ ತೆರೆದಳು. ಮಗಳ ದುಂಡು ಅಕ್ಷರ. ಮೂಗು ಮುರಿಯಬೇಕೆಂದುಕೊಂಡಳು. ಆದರೆ ಆ ದಿನ ಮಂಡಿ ಊದಿಕೊಂಡಿತ್ತು, ಅರವತ್ತೊಂದು ಎನ್ನುವ ಅಂಕೆ ಇನ್ನೂ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. "ಇಲ್ಲೇ ಇಟ್ಟು ಹೋಗು," ಎಂದಳು.

ಅಲ್ಲಿಂದ ಆ ಮನೆ ಪಾಠಶಾಲೆಯಾಯಿತು. ಗಂಡನಿಗೆ ಹುರುಪೋ ಹುರುಪು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ನೋಟ್‌ಬುಕ್. "ಹೇರ್ ಡ್ರೈಯರ್, ಎರಡು ಜೊತೆ ಶೂ?"

"ಕೆಂಪು."

"ಏನಿದೆ?"

"ಡ್ರೈಯರ್ ಕೆಳಗೆ ಪಿಸ್ತೂಲು."

"ಕ್ಯಾಮೆರಾ, ಬಿಸ್ಕತ್ತಿನ ಡಬ್ಬಿ?"

"ಹಸಿರು. ಬೇಳೆ ಸೀದು ಹೋಗ್ತಿದೆ ನೋಡ್ರೀ."

ಎಲ್ಲರಿಗಿಂತ ಮುಂದೆ ಹೋದವಳು ಅತ್ತೆ. ಕಣ್ಣು ಮಂಜಾಗಿ ಓದಲಾರದ ಮುದುಕಿ, ಕಿವಿಯಲ್ಲಿ ಕೇಳಿಯೇ ನಾನೂರನ್ನೂ ಉರು ಹೊಡೆದುಬಿಟ್ಟಳು. ಬರೀ ನೆನಪಿಟ್ಟುಕೊಂಡರೆ ಅವಳಿಗೆ ಸಮಾಧಾನವಿಲ್ಲ. ಒಂದೊಂದು ಬ್ಯಾಗಿಗೂ ಒಬ್ಬ ವಾರಸುದಾರನನ್ನು ಹುಟ್ಟಿಸಿದಳು. ಮೂರು ಗಡಿಯಾರದವನು ಸೋಮಾರಿ, ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡವನು. ಕರಡಿ ಬೊಂಬೆಯವನು ಕಪಟಿ. ಎರಡು ಛತ್ರಿಯವಳ ಮೇಲೆ ಅವಳಿಗೆ ವಿಶೇಷ ಮಮತೆ. "ಪಾಪ, ಮರೆಗುಳಿ. ಒಂದು ಛತ್ರಿ ಇಟ್ಟಿದ್ದು ಮರೆತು ಇನ್ನೊಂದು ಇಟ್ಟಿದಾಳೆ. ಅವಳ ಹತ್ರ ಏನೂ ಇರಲ್ಲ. ಹಸಿರು ಒತ್ತಮ್ಮ, ಹೋಗ್ಲಿ ಅವಳು."

ನಾಲ್ಕನೇ ವಾರ ಎಪ್ಪತ್ತೊಂಬತ್ತು. ಐದನೇ ವಾರ ತೊಂಬತ್ತಮೂರು. ಗಂಡ ಕೇಕು ತಂದ. ಮಗಳು ತಾಯಿಯ ಕುತ್ತಿಗೆಗೆ ಜೋತುಬಿದ್ದು, "ಹದ್ದಿಗೆ ರೆಕ್ಕೆ ಬಂತು," ಎಂದಳು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ಅವಳೂ ನಕ್ಕಳು.

ಆರನೇ ವಾರದ ಬುಧವಾರ, ಬೆಳಗಿನ ಪಾಳಿ. ಸಾಲು ಹೊರಬಾಗಿಲವರೆಗೆ ಬೆಳೆದಿತ್ತು. ಬೆಲ್ಟಿನ ಆಚೆ ತುದಿಯಲ್ಲಿ ಬ್ಯಾಗು ತೆರೆದು ನೋಡುವ ಕೆಲಸ ಮೀಸೆಯದು. ಮೀಸೆ ಬೋಳಿಸಿ ಆರು ವರ್ಷವಾದರೂ ಅವನ ಹೆಸರು ಮೀಸೆಯೇ. ಪರದೆಯವರು ತಡೆದ ಬ್ಯಾಗುಗಳನ್ನು ತೆರೆಯುವುದಲ್ಲದೆ, ಸುಮ್ಮನೆ ಹತ್ತಕ್ಕೊಂದು ಬ್ಯಾಗನ್ನೂ ಅವನು ತೆರೆಯಬೇಕು, ಅದು ಕ್ರಮ.

ಪರದೆಯ ಮೇಲೆ ಒಂದು ಬ್ಯಾಗು ಬಂತು. ಎರಡು ಛತ್ರಿಯ ಕಡ್ಡಿಗಳು, ನೀಲಿಯಾಗಿ, ಒಂದರ ಮೇಲೊಂದು. ಹದ್ದಕ್ಕನ ಕಿವಿಯಲ್ಲಿ ಅತ್ತೆ, ಹೋಗ್ಲಿ ಅವಳು ಎಂದಂತಾಯಿತು. ಕೈ ತಾನಾಗಿಯೇ ಬಿಟ್ಟಿತು. ಬ್ಯಾಗು ಮುಂದೆ ಹೋಯಿತು.

ಅದು ಮೀಸೆಯ ಹತ್ತನೆಯದು.

ಐದು ನಿಮಿಷದ ಮೇಲೆ ಮೀಸೆ ಅವಳ ಕುರ್ಚಿಯ ಬಳಿ ಬಂದು ಬಾಗಿದ. ಬಟ್ಟೆಯ ತುಂಡಿನಲ್ಲಿ ಸುತ್ತಿದ್ದನ್ನು ಸ್ವಲ್ಪವೇ ಬಿಚ್ಚಿ ತೋರಿಸಿದ. ಒಂದು ಗೇಣಿಗಿಂತ ಉದ್ದದ ಚಾಕು, ಮಾಂಸ ಬಿಡಿಸುವಂಥದ್ದು, ಸಣ್ಣ ಅಲಗಿನದು. "ಛತ್ರಿಗಳ ಮಧ್ಯೆ ಇತ್ತು ಅಕ್ಕ."

"ಯಾರದು?"

"ಅಡುಗೆಯವನು. ಹೊಸ ಹೋಟೆಲ್ ಕೆಲಸಕ್ಕೆ ಹೋಗ್ತಿದಾನೆ. ದೊಡ್ಡ ಪೆಟ್ಟಿಗೇಲಿ ಹಾಕೋಕೆ ಮರೆತೆ ಅಂತ ಅಳ್ತಾನೆ ಪಾಪ." ಅವನು ದನಿ ತಗ್ಗಿಸಿದ. "ರಿಜಿಸ್ಟರಲ್ಲಿ ಪರದೆ ಮುಂದೆ ಯಾರಿದ್ರು ಅಂತ ಒಂದು ಕಾಲಂ ಇದೆ. ಖಾಲಿ ಬಿಡ್ಲಾ?"

"ನನ್ನ ನಂಬರ್ ಬರಿ."

ಹದ್ದಕ್ಕ ಚಿತ್ರವನ್ನು ಮತ್ತೆ ಪರದೆಗೆ ತರಿಸಿದಳು. ಚಾಕು ಅಲ್ಲೇ ಇತ್ತು. ಬಚ್ಚಿಟ್ಟಿದ್ದೂ ಅಲ್ಲ, ಕಡ್ಡಿಗಳಿಗೆ ಅಡ್ಡಲಾಗಿ, ದಟ್ಟ ನೀಲಿಯಲ್ಲಿ, ಎಂಥ ಹೊಸಬರಿಗೂ ಕಾಣುವಷ್ಟು ಸ್ಪಷ್ಟವಾಗಿ ಮಲಗಿತ್ತು. ಎರಡು ತಿಂಗಳ ಹಿಂದೆ ಆಗಿದ್ದರೆ ಬ್ಯಾಗು ಪೂರ್ತಿ ಒಳಗೆ ಬರುವ ಮೊದಲೇ ಬೆಲ್ಟು ನಿಲ್ಲಿಸುತ್ತಿದ್ದಳು. ಈಗ ಅವಳು ನೋಡಿಯೇ ಇರಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ ಭಯವಾಯಿತು.

ಮೇಲ್ವಿಚಾರಕರು ರಿಜಿಸ್ಟರ್ ನೋಡಿ ತಲೆಯಾಡಿಸಿದರು. "ಎಲ್ಲರಿಗೂ ಒಂದೊಂದ್ಸಲ ಆಗುತ್ತೆ. ತರಬೇತೀಲಿ ತೊಂಬತ್ತಮೂರು ಇದೆಯಲ್ಲ ನಿಮ್ಮದು? ಬಿಡಿ, ತಲೆ ಕೆಡಿಸ್ಕೋಬೇಡಿ."

ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಗಂಡ ಎಂದಿನಂತೆ ನೋಟ್‌ಬುಕ್ ತೆರೆದ. "ಗಿಟಾರು, ಟೂತ್‌ಪೇಸ್ಟು?"

"ಮುಚ್ಚಿಡ್ರೀ ಅದನ್ನ."

"ಇನ್ನೆರಡೇ ವಾರ ಇರೋದು ಕಣೇ."

"ಮುಚ್ಚಿಡಿ ಅಂದೆ." ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಛತ್ರಿ, ಚಾಕು, ತೊಂಬತ್ತಮೂರು. "ನಾಳೆ ಮೇಷ್ಟ್ರ ಹತ್ರ ಹೋಗಿ ಹೇಳ್ತೀನಿ. ಇದು ಕಣ್ಣಿನ ಪರೀಕ್ಷೆ ಅಲ್ಲ, ಬಾಯಿಪಾಠದ್ದು ಅಂತ."

ಮಗಳು ಚಮಚವನ್ನು ತಟ್ಟೆಗೆ ಕುಕ್ಕಿದಳು. "ಹೇಳಿದ್ರೆ ನಾನು ಏನಾಗ್ಬೇಕು?"

"ನಿನ್ನ ಹೆಸರು ಎತ್ತಲ್ಲ."

"ಎತ್ತೋದೇ ಬೇಕಿಲ್ಲ! ಹದ್ದಕ್ಕ ಬಾಯಿಪಾಠ ಮಾಡಿದ್ಲು ಅಂದ್ರೆ, ಹದ್ದಕ್ಕನ ಮಗಳು ಏನು ಮಾಡಿದ್ಲು ಅಂತ ಕೇಳಲ್ವಾ? ಇನ್ನು ಮೂರು ತಿಂಗಳಿಗೆ ನಾನು ಖಾಯಂ ಆಗ್ಬೇಕು. ನಮ್ಮ ಬ್ಯಾಚಿನ ಹದಿನಾಲ್ಕು ಜನಾನೂ ಹಾಳಾಗ್ತಾರೆ. ನಿನಗೋಸ್ಕರ ಅಂತ ನಾನು ಈ ಪುಸ್ತಕ ತಂದ್ಕೊಟ್ಟೆ!"

"ತಂದ್ಕೊಟ್ಟಿದ್ದು ನೀನು. ತಗೊಂಡಿದ್ದು ನಾನು. ನಿನ್ನ ಬೈದೆನಾ?"

"ಬೈಯೋದಕ್ಕಿಂತ ಜಾಸ್ತಿ ಮಾಡ್ತಿದೀಯ."

"ಎರಡು ವಾರ ಬಾಯಿಗೆ ಬೀಗ ಹಾಕ್ಕೊಂಡು ಪರೀಕ್ಷೆ ಮುಗಿಸು," ಎಂದ ಗಂಡ. "ಆಮೇಲೆ ನಿನ್ನ ಕಣ್ಣು ನಿನಗೆ ವಾಪಸ್ ಬರುತ್ತೆ. ಎಲ್ಲಿ ಹೋಗುತ್ತೆ ಅದು? ಒಂದು ವರ್ಷ ಟ್ರೇ ಎತ್ತಿದ್ರೆ ಆ ಮಂಡಿ ವಾಪಸ್ ಬರುತ್ತಾ?"

ಮಾತಿಗೆ ಮಾತು ಬೆಳೆಯಿತು. ಮಗಳು ಅರ್ಧ ತಟ್ಟೆ ಬಿಟ್ಟು ಎದ್ದಳು. ಅತ್ತೆ, ಬ್ರೆಡ್ಡಿನ ಚೂರು ಕೈಯಲ್ಲಿ ಹಿಡಿದು, "ಆ ಛತ್ರಿಯವಳ ಹತ್ರ ಚಾಕು ಎಲ್ಲಿಂದ ಬಂತು?" ಎಂದು ಕೇಳಿದಳು.

"ಇದು ಅವಳಲ್ಲ ಅತ್ತೆ. ಬೇರೆ ಯಾರೋ."

"ಎರಡು ಛತ್ರಿ ಇತ್ತು ಅಂದ್ಯಲ್ಲ."

"ಇತ್ತು. ಆದ್ರೂ ಬೇರೆಯವರು."

ಮುದುಕಿ ಬ್ರೆಡ್ಡಿನ ಚೂರನ್ನು ತಟ್ಟೆಗೆ ವಾಪಸ್ ಇಟ್ಟಳು. "ಹಾಗಾದ್ರೆ ಇಷ್ಟು ದಿನ ಕೂತು ನಾವು ಕಲಿತಿದ್ದೇನು?"

ಗಂಡ ಎದ್ದು ಸ್ಟೋವ್ ಒರೆಸತೊಡಗಿದ.

ಒಂದು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಬಟ್ಟೆ ಒಣಗಿದೆ. ತಾಯಿ ಮಗಳು ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತ, ಒಬ್ಬಳು ಮುಂದಿನ ಸೀಟಿನಲ್ಲಿ, ಒಬ್ಬಳು ಹಿಂದಿನದರಲ್ಲಿ ಕೂರುತ್ತಿದ್ದರು. ಹದ್ದಕ್ಕ ಮಾರನೆಯ ದಿನವೇ ಮೇಷ್ಟ್ರ ಬಳಿ ಹೋಗಲಿಲ್ಲ. ಮಗಳ ಮುಖ ನೋಡಿ ಧೈರ್ಯ ಉಡುಗಿತ್ತು. ಪರದೆಯ ಮುಂದೆ ಮಾತ್ರ ನರಕವಾಗಿತ್ತು. ಯಾವ ಬ್ಯಾಗು ಬಂದರೂ ಮೊದಲು ನೋಟ್‌ಬುಕ್ ನೆನಪಾಗುತ್ತಿತ್ತು. ಅದನ್ನು ಒದ್ದೋಡಿಸಿ ಮತ್ತೊಮ್ಮೆ ನೋಡಬೇಕಿತ್ತು. ಪಾಳಿ ಮುಗಿಯುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು.

ಪರೀಕ್ಷೆಗೆ ಮೂರು ದಿನವಿದ್ದಾಗ ಅವಳು ತರಬೇತಿ ಕೋಣೆಗೆ ಹೋದಳು.

"ಸರ್, ನಾನು ನೋಡಿರದ ಬ್ಯಾಗು ಇದ್ಯಾ ನಿಮ್ಮ ಹತ್ರ?"

"ಇದೆ. ಹೊಸ ಕಂತು ಬಂದಿದೆ. ಮುಂದಿನ ವರ್ಷಕ್ಕೆ ಅಂತ ಇಟ್ಟಿದೀವಿ. ಯಾಕೆ?"

"ನನ್ನ ಪರೀಕ್ಷೆ ಅದರಲ್ಲಿ ಮಾಡಿ. ಇವೆಲ್ಲ ನನಗೆ ಬಾಯಿಪಾಠ ಆಗಿಹೋಗಿವೆ."

ಮೇಷ್ಟ್ರು ನಕ್ಕರು. ಅವಳು ನಗದೇ ಇದ್ದುದನ್ನು ನೋಡಿ ಲೋಟ ಕೆಳಗಿಟ್ಟರು. "ಅದು ಕಷ್ಟ ಇದೆ ಅಕ್ಕ. ತೊಂಬತ್ತರ ಮೇಲೆ ಬರ್ತಿರೋರು ಯಾಕೆ ಸುಮ್ಮನೆ..." ಎಂದವರು ತಡೆದು, "ಬೇರೆಯವರಿಗೂ ಹೀಗೆ ಬಾಯಿಪಾಠ ಆಗಿದ್ಯಾ?" ಎಂದು ಕೇಳಿದರು.

ಹದ್ದಕ್ಕ ಗೋಡೆಯ ಮೇಲಿನ ಪಟ್ಟಿ ನೋಡಿದಳು. ಮಗಳ ನಂಬರಿನ ಎದುರು ತೊಂಬತ್ತೈದು ಎಂದಿತ್ತು. "ನಂದು ನಾನು ಹೇಳಿದೆ ಸರ್," ಎಂದಳು. "ಬೇರೆಯವರದು ಅವರನ್ನ ಕೇಳಿ." ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ತಾಯಿಯಾದವಳಿಗೆ ಅದಕ್ಕಿಂತ ಹೆಚ್ಚು ಆಗಲಿಲ್ಲ.

ಪರೀಕ್ಷೆಯ ದಿನ ಮೇಷ್ಟ್ರು ಅವಳು ಕೇಳಿದ್ದನ್ನೇ ಕೊಟ್ಟರು. ಹೊಸ ಬ್ಯಾಗುಗಳು ನಿಜಕ್ಕೂ ಕಷ್ಟವಿದ್ದವು. ನೂರಕ್ಕೆ ಎಪ್ಪತ್ತಾರು ಬಂತು. ಒಂದೇ ಒಂದು ಅಪಾಯವನ್ನೂ ಅವಳು ಬಿಟ್ಟಿರಲಿಲ್ಲ. ಏನೂ ಇಲ್ಲದ ಬ್ಯಾಗುಗಳನ್ನು ತಡೆದಿದ್ದಕ್ಕೇ ಅಷ್ಟೂ ಅಂಕ ಹೋಗಿತ್ತು. ಮೇಷ್ಟ್ರು ಕಾಗದವನ್ನು ಎರಡೆರಡು ಸಲ ತಿರುಗಿಸಿ ನೋಡಿದರು. "ಮೇಲಿನವರಿಗೆ ಬರೀತೀನಿ ಅಕ್ಕ. ಆದ್ರೆ ಎಂಬತ್ತು ಅಂದ್ರೆ ಎಂಬತ್ತೇ," ಎಂದರು.

ಗಂಡ ಸುದ್ದಿ ಕೇಳಿ ಬೈಯಲಿಲ್ಲ. ಮಂಡಿಗೆ ಕಟ್ಟುವ ಎಲಾಸ್ಟಿಕ್ ಪಟ್ಟಿ ತಂದು ಮೇಜಿನ ಮೇಲಿಟ್ಟ. ಆವತ್ತು ಊಟದ ಹೊತ್ತಿನಲ್ಲಿ ಅವನು ಬೈದಾಗ ತಡೆದುಕೊಂಡಿದ್ದ ಹದ್ದಕ್ಕ ಆ ಪಟ್ಟಿ ನೋಡಿ ಅತ್ತಳು. ಮಗಳು ಬಾಗಿಲ ಬಳಿ ನಿಂತು, "ಯಾರು ಕೇಳಿದ್ರು ನಿನ್ನ?" ಎಂದು ಹೇಳಿ ಒಳಗೆ ಹೋದಳು.

ಸೋಮವಾರದಿಂದ ಹದ್ದಕ್ಕ ಟ್ರೇಗೆ ನಿಂತಳು. ಪಾಳಿಯ ಪಟ್ಟಿ ಮಾಡುವವರಿಗೆ ಕರುಣೆಯಿಲ್ಲ. ಅದೇ ಸಾಲು, ಅದೇ ಬೆಲ್ಟು. ಪರದೆಯ ಮುಂದೆ ಅವಳ ಮಗಳು. ತಾಯಿ ಟ್ರೇ ಎತ್ತಿ ಇಡುವುದು, ಮಗಳು ನೋಡಿ ಬಿಡುವುದು. ಮೊದಲೆರಡು ದಿನ ಬೆಲ್ಟು ನೀರಿನ ಹಾಗೆ ಹರಿಯಿತು. ಮಗಳು ಒಮ್ಮೆಯೂ ತಲೆ ತಿರುಗಿಸಿ ನೋಡಲಿಲ್ಲ. ಒಂದೊಂದು ಬ್ಯಾಗು ಮುಂದೆ ಹೋಗುವಾಗಲೂ ಹದ್ದಕ್ಕ ಜೀವ ಬಿಗಿಹಿಡಿದುಕೊಳ್ಳುತ್ತಿದ್ದಳು. ಈ ಹುಡುಗಿ ನೋಡುತ್ತಿದ್ದಾಳೋ, ಗುರುತು ಹಿಡಿಯುತ್ತಿದ್ದಾಳೋ?

ಬುಧವಾರ ಬೆಲ್ಟು ನಿಂತಿತು. ಮೀಸೆ ಬ್ಯಾಗು ತೆರೆದ, ಬಾಚಣಿಗೆ. ಮತ್ತೆ ಹೊರಟಿತು, ಮತ್ತೆ ನಿಂತಿತು. ಈ ಸಲ ಮಡಚಿದ ಕ್ಯಾಮೆರಾ ಸ್ಟ್ಯಾಂಡು. ಮೂರನೇ ಸಲ ನಿಂತಾಗ ಸಾಲಿನಲ್ಲಿದ್ದ ಕೋಟಿನ ಮನುಷ್ಯ ಗಡಿಯಾರ ನೋಡಿಕೊಂಡು, "ಇವತ್ತು ವಿಮಾನ ಹತ್ತಿಸ್ತೀರಾ, ಇಲ್ಲೇ ಮನೆ ಮಾಡ್ಕೊಳ್ಳೋದಾ?" ಎಂದ. ಮೇಲ್ವಿಚಾರಕರು ದೂರದಿಂದಲೇ ಕೈ ಆಡಿಸಿ ಬೇಗ ಬೇಗ ಎಂದರು. ಮಗಳ ಕತ್ತು ಕೆಂಪಾಗಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಆದರೂ ನಾಲ್ಕನೇ ಸಲ ನಿಲ್ಲಿಸಿದಳು.

"ಎರಡು ನಿಮಿಷ ಸರ್," ಎಂದಳು ಹದ್ದಕ್ಕ ಕೋಟಿನವನಿಗೆ. "ಅವರು ನೋಡ್ತಿದಾರೆ."

ಆ ಸಂಜೆ ಬಸ್ಸಿನಲ್ಲಿ ಮಗಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. 

"ಇವತ್ತು ತರಬೇತಿ ಇತ್ತು," ಎಂದಳು ಮಗಳು. "ಹೊಸ ಬ್ಯಾಗು ಹಾಕಿ ಅಂತ ನಾನೇ ಕೇಳ್ದೆ. ಅರವತ್ತೊಂದು ಬಂತು."

ಹದ್ದಕ್ಕ ಮಗಳ ಕಡೆ ತಿರುಗಿದಳು. "ಖಾಯಂ ಆಗೋಕೆ ಇರೋ ಪರೀಕ್ಷೆ ಯಾವಾಗ ನಿಮ್ಮದು?"

"ಆರು ವಾರ ಇದೆ. ಮೇಷ್ಟ್ರು ನಮ್ಮ ಬ್ಯಾಚಿಗೆಲ್ಲ ಅದರಲ್ಲೇ ಮಾಡ್ತಾರಂತೆ." ಅವಳು ಉಗುರು ಕಚ್ಚಿದಳು. "ಅಮ್ಮ, ಖಾಯಂ ಆಗ್ತೀನೋ ಇಲ್ವೋ. ಹದಿಮೂರು ಜನ ನನ್ನ ಹತ್ರ ಮಾತಾಡ್ತಿಲ್ಲ."

ಹೆದರಬೇಡ, ಆಗುತ್ತೆ ಎಂದು ಹೇಳಬಹುದಿತ್ತು. ಹದ್ದಕ್ಕನಿಗೆ ಗೊತ್ತಿಲ್ಲದ್ದನ್ನು ಹೇಳುವ ಶಕ್ತಿ ಆ ದಿನ ಉಳಿದಿರಲಿಲ್ಲ. ಮಂಡಿ ಪಟ್ಟಿಯೊಳಗೆ ಮಿಡಿಯುತ್ತಿತ್ತು. ಅವಳು ಬ್ಯಾಗಿನಲ್ಲಿ ಕೈಯಾಡಿಸಿ, ಕೀಗಳ ಗೊಂಚಲಿನಿಂದ ಲಾಕರಿನ ಸಣ್ಣ ಕೀಯನ್ನು ಬಿಡಿಸಿ, ಮಗಳ ಅಂಗೈಯಲ್ಲಿಟ್ಟಳು.

"ಒಳಗೆ ಅಜ್ಜಿ ಹೊಲಿದ ಮೆತ್ತೆ ಇದೆ. ನಾಳೆಯಿಂದ ಹಾಕ್ಕೊಂಡು ಕೂತ್ಕೊ. ಆ ಕುರ್ಚಿ ಎಡಕ್ಕೆ ವಾಲುತ್ತೆ."